ಇಮಾನದ ಹೊಟ್ಟಿಯೊಳಗಿನ ಉಂಗುರ

ನನ್ನ ಅಂಗಿ ಕಿಸೆದಾಗ ಒಂದು ಕೊಕ್ಕಿ ಐತಿ. ಸೈಕಲ್ ಗಾಲಿ ಕಡ್ಡೀದು, ಗೇಣುದ್ದ. ಒಂದು ತುದಿ ಬಡದು ಚಪ್ಪಟ ಮಾಡಿ, ಇರುವಿ ಮೀಸಿಯಷ್ಟು ಸಣ್ಣಾಗಿ ಬಗ್ಗಿಸೀನಿ. ಇನ್ನೊಂದು ತುದಿಗೆ ಮಗ್ಗದ ಒಡದ ಲಾಳಿಯ ಕಟಗಿ ತುಂಡು ಹಿಡಿಕಿ. ನಡಕ ಒಂದು ಸೊಟ್ಟ ಐತಿ. ಅದು ತಪ್ಪಿ ಆಗಿದ್ದಲ್ಲ, ಬೇಕಂತ ಮಾಡಿದ್ದು. ಖರೇ ಹೇಳಬೇಕಂದ್ರ ಮೊದ್ಲು ತಪ್ಪಿನೇ ಆತು, ಆಮ್ಯಾಲೆ ಅದರಿಂದನೇ ಕೆಲಸ ಆತು, ಹಂಗಾಗಿ ಬೇಕಂತ ಮಾಡಿದ್ದು ಅಂತ ಹೇಳಕೋತ ಬಂದೀನಿ.

ನೋಡಿದವರೆಲ್ಲಾ ಇದೇನು ಅಂತ ಕೇಳ್ತಾರ. ನಾ ಒಬ್ಬೊಬ್ಬರಿಗೆ ಒಂದೊಂದು ಹೇಳ್ತೀನಿ. ಚಾದಂಗಡಿ ಅಣ್ಣಗ ಹಲ್ಲು ಕೀಳೋದು ಅಂದೀನಿ, ಆವತ್ತಿಂದ ಅಂವ ನನ್ನ ಮುಂದ ಬಾಯಿ ಮುಚ್ಚಿಕೊಂಡೇ ನಗ್ತಾನ. ನಮ್ಮಜ್ಜಿ ಏನೂ ಕೇಳಲಿಲ್ಲ, ಕಸಗೊಂಡು ಬೆನ್ನ ಕೆರಕೊಂಡ್ಲು, "ಚಲೋ ಐತಿ, ಇನ್ನಷ್ಟು ಉದ್ದ ಮಾಡು" ಅಂದ್ಲು. ಸಾಲ್ಯಾಗ ಗಣಿತದ ಮಾಸ್ತರು ಅದನ್ನ ಬೆಳಕಿಗೆ ಹಿಡದು ನೋಡಿ, "ಯಾರ ಮನಿ ಕೀಲಿ ತಗೀತೀಯೋ?" ಅಂದ್ರು.

"ಇಲ್ರಿ ಸರ್, ಇದು ಇಮಾನದ ಹೊಟ್ಟಿ ಆಪರೇಶನ್ ಮಾಡೋ ಹತಾರ್ರಿ."

ಒಂದು ತಾಸ ಬೆಂಚಿನ ಮ್ಯಾಲೆ ನಿಂತೆ. ಅಲ್ಲಿಂದ ಗುಡ್ಡ ಭಾಳ ಚಂದ ಕಾಣತೈತಿ, ನೀವೂ ಒಮ್ಮೆ ನಿಂತು ನೋಡ್ರಿ. ಆದ್ರ ನಾ ಹೇಳಿದ್ದು ಮಾತ್ರ ಖರೇನೇ ಇತ್ತು. ನಾ ಖರೇ ಹೇಳಿದಾಗೆಲ್ಲಾ ಹಿಂಗೇ ಆಗತೈತಿ.

ಆ ಕೊಕ್ಕಿ ಯಾತಕ್ಕ ಐತಿ ಅನ್ನೋದು ಈ ಜಗತ್ತಿನ್ಯಾಗ ಎರಡೇ ಮಂದಿಗೆ ಸರಿಯಾಗಿ ಗೊತ್ತು. ಒಬ್ಬಾಂವ ನಾನು. ಇನ್ನೊಬ್ಬಾಕಿ ನರಗುಂದದಾಗ ಅದಾಳ.

ಆಕಿ ನಮ್ಮ ನೀಲಕ್ಕ. ನನಗಿಂತ ನಾಕು ವರ್ಷ ದೊಡ್ಡಾಕಿ, ಬುದ್ಧಿಲೆ ನಲವತ್ತು ವರ್ಷ ದೊಡ್ಡಾಕಿ ಅಂತ ನಮ್ಮವ್ವನ ಲೆಕ್ಕ. ನಮ್ಮದು ಗಜೇಂದ್ರಗಡದ ನೇಕಾರ ಮನಿ. ನಮ್ಮ ಓಣಿ ಹೊಕ್ರ ಮಂದಿ ಮಾತಿಗಿಂತ ಮಗ್ಗದ ಸಪ್ಪಳನೇ ಹೆಚ್ಚು, ಅದಕ್ಕೇ ನಾವೆಲ್ಲಾ ಹುಟ್ಟಿದಾಗಿಂದ ಒದರಿ ಮಾತಾಡ್ತೀವಿ. ಮಗ್ಗಕ್ಕ ಹೊಸಾ ಹಾಸು, ಅಂದ್ರ ಸೀರಿಯ ಉದ್ದೆಳಿ, ಏರಿಸುವಾಗ ಒಂದು ಕೆಲಸ ಇರತೈತಿ. ಸಾವಿರಗಟ್ಟಲೆ ಎಳಿ, ಒಂದೊಂದನ್ನೂ ಫಣಿಯ ಹಲ್ಲಿನ ಸಂದ್ಯಾಗಿಂದ ದಾಟಿಸಬೇಕು. ಫಣಿ ಅಂದ್ರ ದೊಡ್ಡ ಬಾಚಣಿಕಿ ಇದ್ದಂಗ, ಹಲ್ಲು ಮಾತ್ರ ಕೂದಲಕ್ಕಿಂತ ಒತ್ತು. ಇದು ಒಬ್ಬರ ಕೈಲೆ ಆಗೋ ಕೆಲಸ ಅಲ್ಲ. ಹಿಂದ ಕುಂತಾಂವ ಎಳಿ ಆರಿಸಿ ಕೊಡಬೇಕು. ಮುಂದ ಕುಂತಾಕಿ ಸಂದ್ಯಾಗ ಕೊಕ್ಕಿ ತೂರಿಸಿ ಜಗ್ಗಬೇಕು. ನಡಕ ಫಣಿ ಅಡ್ಡ. ಒಬ್ಬರ ಮಾರಿ ಒಬ್ಬರಿಗೆ ಕಾಣಂಗಿಲ್ಲ.

ಹಂಗಾಗಿ ನಮ್ಮಿಬ್ಬರ ನಡುವ ಒಂದು ಪದ್ಧತಿ ಇತ್ತು. ಎಳಿ ಹಿಡದು ನಾ "ಕೊಟ್ಟೆ" ಅನ್ನಬೇಕು. ಜಗ್ಗಿಕೊಂಡು ಆಕಿ "ತಗೊಂಡೆ" ಅನ್ನಬೇಕು. ಕೊಟ್ಟೆ, ತಗೊಂಡೆ. ಕೊಟ್ಟೆ, ತಗೊಂಡೆ. ಮುಂಜಾನಿಂದ ಊಟದ ಹೊತ್ತಿನ ತನಕ ಇದೇ ಮಾತು. ಓಣ್ಯಾಗಿನವರು ಬ್ಯಾರೆ ಯಾರೂ ಹಿಂಗ ಒದರತಿರಲಿಲ್ಲ, ಅವರೆಲ್ಲಾ ಬೆರಳ ಮ್ಯಾಲೇ ತಿಳಕೋತಿದ್ರು. ನಮಗ ಒದರದಿದ್ರ ಎಳಿ ದಾಟತಿರಲಿಲ್ಲ. ಬ್ಯಾಸರ ಬಂದಾಗ ನಾ "ಕೊಟ್ಟೆ" ಅಂತ ಸುಳ್ಳ ಹೇಳಿ ಕೊಡದೇ ಕುಂದರತಿದ್ದೆ. ಆಕಿ ಖಾಲಿ ಕೊಕ್ಕಿ ಜಗ್ಗಿ ಅತ್ತಲಿಂದ ಅನ್ನಾಕಿ:

"ತಮ್ಮಾ, ಇವತ್ತ ಗಾಳೀ ಸೀರಿ ನೇಯೂನೇನು?"

ಈಗ ಇಮಾನದ ಮಾತು. ನಮ್ಮೂರು ಮುಂಬೈ ಸರಕಾರದಿಂದ ಮೈಸೂರು ಸರಕಾರಕ್ಕ ಹೋತಲ್ಲ, ಆಗಿನ ಮಾತು ಇದು. ನಾವ್ಯಾರೂ ಕುಂತ ಜಾಗಾ ಬಿಟ್ಟು ಎದ್ದಿದ್ದಿಲ್ಲ, ಊರು ಹ್ಯಾಂಗ ಹೋತೋ ಏನೋ. ಒಂದಿನ ಕ್ವಾಟಿ ಗುಡ್ಡದ ಮ್ಯಾಲಿಂದ ಒಂದು ಇಮಾನ ಬಂತು. ಎಷ್ಟು ಕೆಳಗ ಬಂತಂದ್ರ, ಮಾಳಗಿ ಮ್ಯಾಲೆ ಒಣಹಾಕಿದ ಸಂಡಿಗಿ ಬಳಕೊಂಡು ಹೋಗತೈತಿ ಅಂತ ನಮ್ಮಜ್ಜಿ ಸೆರಗ ಹಾಸಿ ಸಂಡಿಗಿ ಮ್ಯಾಲೇ ಬಿದ್ಲು. ಇಮಾನ ಹೋತು, ಸಂಡಿಗಿ ಉಳೀತು, ಆದ್ರ ಅಜ್ಜಿ ಆಕಾರದಾಗ ಉಳೀತು.

"ಅದನ್ನ ನಡಸಾಂವ ನನ್ನ ನೋಡಿ ಕೈ ಮಾಡಿದ" ಅಂದೆ ನಾ. "ಅವನ ಕೈಯಾಗ ಗಡಿಯಾರ ಇತ್ತು. ಹತ್ತೂ ಮುಕ್ಕಾಲು ಆಗಿತ್ತು."

"ಹೌದಲಾ" ಅಂದ್ಲು ನೀಲಕ್ಕ. "ಹನ್ನೊಂದಕ್ಕ ಸಾಲಿ, ಈ ಹುಡುಗ ಯಾಕಿನ್ನೂ ಮಾಳಗಿ ಮ್ಯಾಲೆ ಅದಾನ ಅಂತ ಕೈ ಮಾಡಿ ಕೇಳಿರಬೇಕು."

ಆವತ್ತಿಂದ ನನಗ ಹುಚ್ಚ ಹಿಡೀತು. ಹಳೇ ಬುಟ್ಟಿ ಬಿಚ್ಚಿ ಬಿದಿರ ಸೀಳಿದೆ. ಹಾಲವಾಣದ ಕಟಗಿ ಕೆತ್ತಿ ಮೂತಿಗೆ ಪಂಖಾ ಮಾಡಿದೆ, ಅದರ ಕೂಡ ಎರಡು ಬೆರಳೂ ಕೆತ್ತಿಕೊಂಡೆ. ಪಂಖಾ ತಿರಗಾಕ ರಬ್ಬರ ಬೇಕಲ್ಲ, ಸೈಕಲ್ ರಿಪೇರಿ ದಾವಲಸಾಬ ಕಾಕಾನ ಅಂಗಡಿಗೆ ಹೋಗಿ ಹರದ ಟ್ಯೂಬ್ ಬೇಡಿದೆ. ಕಾಕಾ ಟ್ಯೂಬ್ ಕೊಟ್ಟ, ಅದನ್ನ ಉದ್ದುದ್ದ ಕತ್ತರಿಸಿ ಕೊಟ್ಟ. ಮೊಹರಮ್ಮಿಗೆ ತಾಬೂತ ಕಟ್ಟಿ ಉಳದಿದ್ದ ಹಸರ ಕಾಗದಾನೂ ಕೊಟ್ಟ.

"ನೋಡಪಾ ಪಾಯಿಲಟ್, ಇಷ್ಟೇ ಕಾಗದ. ಹರಕೊಂಡಿ ಅಂದ್ರ ಬರೋ ಮೊಹರಮ್ಮಿನ ತನಕ ನಿನ್ನ ಇಮಾನ ಬತ್ತಲೇ. ಮತ್ತ ಇದು ಹಾರತದೋ, ಬರೇ ನಿನ್ನಂಗ ಮಾತಾಡತದೋ?"

ಹಾರತಿತ್ರಿ! ಮೊದಲ ಸಲ ಬಿಟ್ಟಾಗ ಮೂರು ಮನಿ ದಾಟಿ, ನಾಕನೇ ಮನಿಯವರು ಅಂಗಳದಾಗ ಹರವಿದ್ದ ಮೆಣಸಿನಕಾಯಾಗ ಇಳೀತು. ಆ ಮನಿ ಅತ್ತಿ ಎರಡು ದಿನ ಸೀನಿದ್ಲು. ಆದ್ರ ನನಗ ಹಾರೋದು ಸಾಲಲಿಲ್ಲ. ಹೋದ ಇಮಾನ ತಿರಗಿ ಬರಬೇಕು, ನನ್ನ ಕೈಯಾಗ ಬಂದು ಕುಂದರಬೇಕು. ಅದಕ್ಕೊಂದು ಹಿಕಮತ್ ಮಾಡಿದೆ. ಬಾಲದಾಗ ಒಂದು ಸಣ್ಣ ಹಲಗಿ, ಬಾಗಲದಂಗ ಅತ್ತಿತ್ತ ಹೊಳ್ಳೋದು. ಅದರ ಬುಡದಿಂದ ಒಂದು ಬಿದಿರ ಮುಳ್ಳು ಇಮಾನದ ಹೊಟ್ಟಿಯೊಳಗ ಚಾಚಿಕೊಂಡಿತ್ತು. ಮೂತಿ ಕಡಿಂದ ಒಂದು ತಂತಿ ಹೊಟ್ಟಿಯೊಳಗೇ ಹಾದು ಬಂದು, ಅದರ ತುದಿಗಿನ ಉಂಗುರ ಆ ಮುಳ್ಳಿಗೆ ಸಿಕ್ಕಬೇಕು. ಉಂಗುರ ಸಿಕ್ಕಿದ್ರ ಬಾಲ ಸೊಟ್ಟ ಆಗತೈತಿ, ಇಮಾನ ಗಿರಕಿ ಹೊಡದು ತಿರಗಿ ಬರತೈತಿ. ಕಳಚಿತು ಅಂದ್ರ ಬಾಲ ಸೀದಾ, ಇಮಾನ ಸೀದಾ, ಮತ್ತ ಬರಂಗಿಲ್ಲ.

ಅದು ಬರೇ ಕಳಚತಿತ್ತು.

ಹೊರಗಿನ ಕೆಲಸ ಆಗಿದ್ರ ನನಗೇನು? ಒಳಗಿಂದು. ಸುತ್ತೂ ಕಾಗದ ಹಚ್ಚಿ ಆಗಿತ್ತು. ಹೊಟ್ಟಿ ಕೆಳಗ ಒಂದು ತೂತು ಬಿಟ್ಟಿದ್ದೆ, ಅದರಾಗ ನನ್ನ ಕಿರಿಬೆರಳ ಅರ್ಧ ಹೋಗತಿತ್ತು. ಉಂಗುರ ಇನ್ನೂ ಗೇಣು ದೂರ. ಕಾಗದ ಹರದ್ರ ಮೊಹರಮ್ಮಿನ ತನಕ ಬತ್ತಲ.

ಇದರ ನಡುವನೇ ನೀಲಕ್ಕನ ಲಗ್ನ ಗಟ್ಟಿ ಆತು. ನರಗುಂದದವರು. ಮನ್ಯಾಗ ಎಲ್ಲಾರೂ ಖುಷಿ. ಆಕಿನೂ ಖುಷಿಲೇ ಇದ್ಲು, ಆದ್ರ ಮಗ್ಗದ ಮುಂದ ಕುಂತಾಗ ಒಮ್ಮೊಮ್ಮೆ ಲಾಳಿ ಕೈಯಾಗ ಹಿಡದು ಸುಮ್ಮನ ಗ್ವಾಡಿ ನೋಡಾಕಿ. ಅಂಥಾ ಒಂದು ಹೊತ್ತಿನ್ಯಾಗ, ನನ್ನ ಬಾಯಿ ಎಂದೂ ಸುಮ್ಮನ ಇರೋದಲ್ಲ, ಅಂದುಬಿಟ್ಟೆ:

"ಅಕ್ಕಾ, ನೀ ಹೋಗೂದರೊಳಗ ಇಮಾನ ಬಿಟ್ಟು ತೋರಸ್ತೀನಿ. ಗುಡ್ಡದ ತನಕ ಹೋಗಿ, ಗಿರಕಿ ಹೊಡದು, ಹೊಳ್ಳಿ ಮನೀಗೇ ಬರತೈತಿ."

"ಹೋದದ್ದು ಹೊಳ್ಳಿ ಬರತೈತೇನೋ?"

"ಬರತೈತಿ."

ಆಕಿ ನಗಲಿಲ್ಲ. "ಹಂಗಾದ್ರ ಅದನ್ನ ನೋಡೇ ಮೋಟಾರ ಹತ್ತತೀನಿ" ಅಂದ್ಲು.

ಈಗ ಹೇಳ್ರಿ, ನಾ ಸುಮ್ಮನ ಕುಂದರಾಂವ ಏನು? ಮೊದ್ಲು ಜಾಲಿ ಮುಳ್ಳು ಹಾಕಿ ನೋಡಿದೆ, ಮುರದು ಒಳಗ ಬಿತ್ತು. ಅವ್ವನ ಕೂದಲ ಪಿನ್ನು ಹಾಕಿದೆ, ಅದೂ ಒಳಗ ಬಿತ್ತು. ಆಮ್ಯಾಲೆ ಇಮಾನ ಎತ್ತಿದ್ರ ಗಿಲಕಿಯಂಗ ಸಪ್ಪಳ ಮಾಡತಿತ್ತು, ಬಾಜೂ ಮನಿ ಕೂಸು ಅದಕ್ಕ ಕೈ ಚಾಚತಿತ್ತು. ಅಜ್ಜನ ಛತ್ರಿಯೊಳಗಿನ ಕಡ್ಡಿ ಒಂದು ಬಿಚ್ಚಿದೆ, ಅದು ದಪ್ಪ ಆತು. ವಾಪಸ್ ಕುಂದರಸಾಕ ಬರಲಿಲ್ಲ. ಮುಂದ ಮಳಿ ಬಂದಾಗ ಅಜ್ಜ ಛತ್ರಿ ಬಿಚ್ಚಿದ, ಒಂದು ಮಗ್ಗಲ ಜೋತುಬಿತ್ತು, ಅರ್ಧ ಅಜ್ಜ ತೋಯ್ದ. "ಕಾಲ ಕೆಟ್ಟಾವು, ಛತ್ರೀಗೂ ಲಕ್ವಾ ಹೊಡ್ಯಾಕ ಹತ್ತೇತಿ" ಅಂದ.

ಕಡೀಕ ಕೊಕ್ಕಿ ನೆಪ್ಪಾತು. ನೀಲಕ್ಕನ ಫಣಿ ಕೊಕ್ಕಿ! ಅದನ್ನೇ ಕದ್ದು ಹಾಕಿ ನೋಡಿದೆ, ಆದ್ರ ಅದು ಗಿಡ್ಡ. ಅದರಂಥಾದ್ದೇ, ಉದ್ದಂದು ಬೇಕು. ದಾವಲಸಾಬ ಕಾಕಾನ ಕಡೆ ಓಡಿದೆ. ಗಾಲಿ ಕಡ್ಡಿ ಬೆಂಕ್ಯಾಗ ಕೆಂಪ ಮಾಡಿ, ಸುತಗಿಲೆ ಚಪ್ಪಟ ಬಡದು, ಕಾನಸಿಲೆ ಉಜ್ಜಿ ಉಜ್ಜಿ ತುದಿ ಬಗ್ಗಿಸಿದ್ವಿ. ನಾ ಉಜ್ಜಿದೆ ಅಂತ ಊರ ತುಂಬ ಹೇಳೀನಿ. ಉಜ್ಜಿದಾಂವ ಕಾಕಾ. ನಾ ಊದಿದೆ. ನಡುವ ಒಮ್ಮೆ ಇಕ್ಕಳ ಜಾರಿ ಕಡ್ಡಿ ಸೊಟ್ಟ ಆತು, ಅದೇ ಮೊದಲ ಹೇಳಿದೆನಲ್ಲ ಆ ಸೊಟ್ಟ. ಕಾಕಾ ನೆಟ್ಟಗ ಮಾಡ್ತೀನಿ ಅಂದ. "ಇರಲಿ ಬಿಡ್ರಿ ಕಾಕಾ, ಹೊಟ್ಟಿಯೊಳಗಿನ ಬಿದಿರ ಬಳಸಿ ಹೋಗಾಕ ಸೊಟ್ಟನೇ ಬೇಕು" ಅಂದೆ. ಹಂಗ ಸುಮ್ಮನ ಅಂದಿದ್ದು, ಖರೇನೇ ಆತು. ನನ್ನ ಜಾಣತನ ಎಲ್ಲಾ ಹಿಂಗೇ ಬಂದದ್ದು.

ಕೊಕ್ಕಿ ಉಂಗುರಕ್ಕ ಮುಟ್ಟಿತು. ಉಂಗುರ ಹಿಡೀತು. ಮುಳ್ಳಿನ ತನಕ ಒಯ್ದೆ. ಮುಳ್ಳು ಜಾರಿ ಅತ್ತ ಹೊಳ್ಳಿತು. ಮತ್ತ ಒಯ್ದೆ, ಮತ್ತ ಹೊಳ್ಳಿತು. ಐವತ್ತು ಸಲ. ಐವತ್ತಂದ್ರ ಹನ್ನೆರಡು ಅನಕೋರಿ. ಲಗ್ನದ ಹಿಂದಿನ ದಿನ, ಮನಿ ತುಂಬ ಬೀಗರು ಬಿಜ್ಜರು, ನಾ ನೇಯುವಾಗ ಕಾಲು ಇಳಿಬಿಡೋ ಮಗ್ಗದ ತಗ್ಗಿನ್ಯಾಗ ಇಳದು ಕುಂತು ಅಳಾಕ ಹತ್ತಿದ್ದೆ. ಅಳೂದಂದ್ರ ಅಳೂದಲ್ಲ, ಕಣ್ಣಾಗ ಬಿದಿರ ಧೂಳ ಹೋಗಿತ್ತು. ನೀಲಕ್ಕ ಅರಿಷಿಣ ಹಚ್ಚಿದ ಮಾರಿಲೇ ಬಂದು ಬಗ್ಗಿ ನೋಡಿದ್ಲು. ತಗ್ಗಿನ ಕಟ್ಟಿ ಮ್ಯಾಲೆ ಕುಂತ್ಲು.

"ಎಳಿ ದಾಟಸಾಕ ಎಷ್ಟು ಮಂದಿ ಬೇಕೋ ಶಾಣ್ಯಾ?"

"ಇಬ್ಬರು."

"ಮತ್ತ ಒಬ್ಬನೇ ಯಾಕ ಕುಂತಿ?"

ಬಾಲದ ಕಡೆ ಆಕಿ ಹಿಡದ್ಲು. ಕಾಗದದ ಮ್ಯಾಲಿಂದನೇ, ಹರೀದಂಗ, ಎರಡು ಬೆರಳಿನ ತುದೀಲೆ ಒಳಗಿನ ಮುಳ್ಳು ಹುಡುಕಿ ಒತ್ತಿ ನಿಲ್ಲಿಸಿದ್ಲು. ನಡಕ ಹಸರ ಕಾಗದ ಅಡ್ಡ, ಒಳಗಿಂದು ಇಬ್ಬರಿಗೂ ಕಾಣಂಗಿಲ್ಲ.

"ಕೊಟ್ಟೆ" ಅಂದ್ಲು.

ನಾ ಕೊಕ್ಕಿ ಜಗ್ಗಿದೆ. ಟಕ್ ಅಂತ ಒಂದು ಸಣ್ಣ ಸಪ್ಪಳ.

"ತಗೊಂಡೆ" ಅಂದೆ.

ಇಷ್ಟು ವರ್ಷದಾಗ ಅದೊಂದೇ ಸಲ ಆಕಿ ಕೊಟ್ಟಿದ್ದು, ನಾ ತಗೊಂಡಿದ್ದು. ಆಕಿ ಬೆರಳಿನ ಅರಿಷಿಣ ಬಾಲದ ಮ್ಯಾಲೆ ಹತ್ತಿತು. ವರಸಾಕ ಹೋದೆ. "ಇರಲಿ ಬಿಡೋ" ಅಂದ್ಲು.

ಲಗ್ನ ಆತು. ಆ ಮರುದಿನ ಮುಂಜಾನೆ ಬೀಗರು ಹೊಂಟ್ರು. ಮೋಟಾರ ನಿಲ್ಲೋ ಬಯಲಾಗ ಅರ್ಧ ಊರು. ಹಿಂದಿನ ದಿನ ಪಂಕ್ತಿಯೊಳಗ ಬಡಸಕೋತ ನಾ ಒಬ್ಬೊಬ್ಬರ ಎಲಿ ಮುಂದೂ ಒದರಿದ್ದೆ, "ನಾಳೆ ಬರ್ರಿ, ನನ್ನ ಇಮಾನ ನೋಡಾಕ ಬರ್ರಿ" ಅಂತ. ಏನು ಮಾಡತೈತಿ ಅನ್ನೋದು ಮಾತ್ರ ಗುಟ್ಟ ಇಟ್ಟಿದ್ದೆ, ನೋಡಿ ಬೆರಗಾಗಲಿ ಅಂತ. ನೀಲಕ್ಕ ಮೋಟಾರದ ಕಿಟಕಿ ಕಡೆ ಕುಂತಿದ್ಲು, ತಲಿ ಮ್ಯಾಲೆ ಸೆರಗು, ಬಾಜೂಕ ಅತ್ತಿ, ಹಿಂದ ನಾದಿನಿ. ನಾ ರಬ್ಬರ ಸುತ್ತಿ, ಬಾಲ ಸೊಟ್ಟ ಮಾಡಾಕ ತಂತಿ ಜಗ್ಗಿದೆ. ತಂತಿ ಪುಸಕ್ಕಂತ ಬಂತು. ಒಳಗ ಉಂಗುರ ಕಳಚಿತ್ತು. ಹಿಂದಿನ ದಿನ ಬೀಗರ ಪೈಕಿ ಒಬ್ಬ ಹಿರ್ಯಾ "ಏನಪಾ ಇದು" ಅಂತ ಇಮಾನದ ಬಾಲ ಹಿಡದು ಕೋಳಿ ಎತ್ತಿದಂಗ ಎತ್ತಿದ್ದ, ಆವಾಗೇ ಹೋಗಿತ್ತು ಅಂತ ಕಾಣತೈತಿ.

ಕಿಸೆದಾಗಿಂದ ಕೊಕ್ಕಿ ತಗದೆ. ಒಂದು ಸಲ, ಎರಡು ಸಲ. ಮುಳ್ಳು ಹೊಳ್ಳಿಕೋತ ಹೋತು. ತಲಿ ಎತ್ತಿ ಕಿಟಕಿ ನೋಡಿದೆ. ಆಕಿ ನನ್ನ ಕೈಯಾಗಿನ ಕೊಕ್ಕಿ ನೋಡಿದ್ಲು, ಆಕಿಗೆ ತಿಳೀತು. ಇಳದು ಬರಾಕ ಅರ್ಧ ಎದ್ಲು. ಅತ್ತಿ ಏನೋ ಅಂದ್ರು. ಕುಂತ್ಲು. ಹೊಸಾ ಸೊಸಿ ಎಲ್ಲಾರ ಮುಂದ ಮಣ್ಣಾಗ ಕುಂತು ತಮ್ಮನ ಆಟಗಿ ಹಿಡಿಯಾಕ ಆಗತೈತೇನ್ರಿ? ಡ್ರೈವರ್ ಹಾರ್ನ್ ಒತ್ತಿದ. ಹಿಂದಿಂದ ಯಾರೋ "ಬಿಡೋ ಲಗೂ, ಬರೇ ಬಾಯಿ ಬಡಿವಾರ ಏನು?" ಅಂದ್ರು.

ಬಿಟ್ಟೆ. ಮೋಟಾರದ ಮ್ಯಾಲಿಂದ, ಬೇವಿನ ಗಿಡದ ಮ್ಯಾಲಿಂದ ಸೀದಾ ಹೋತು. ರಾಜೂರ ದಾರಿ ಹಿಡದು ಹೋತು. ಗಿರಕಿ ಇಲ್ಲ, ತಿರಗೂದಿಲ್ಲ. ಕಣ್ಣಿಗೆ ಕಾಣದಂಗ ಆತು.

ಊರಿಗೆ ಊರೇ ಚಪ್ಪಾಳಿ ಬಡೀತು! "ಭಲೆ, ಎಷ್ಟು ನೆಟ್ಟಗ ಹೋತಪಾ" ಅಂದ್ರು. ಅದು ತಿರಗಿ ಬರಬೇಕಿತ್ತು ಅನ್ನೋದು ಅವರಿಗೇನು ಗೊತ್ತು? ನಾನೂ ಸೊಂಟ ಬಗ್ಗಿಸಿ ಕೈ ಮುಗದೆ. "ಹೌದ್ರಿ, ಸೀದಾ ಹೋಗಾಕಂತನೇ ಮಾಡಿದ್ದು" ಅಂದೆ. ಮೋಟಾರ ಹೊಂಟಿತು. ಕಿಟಕ್ಯಾಗಿಂದ ನೀಲಕ್ಕ ಕೈ ಬೀಸಲಿಲ್ಲ. ತೋರಬೆರಳ ಕೊಕ್ಕಿಯಂಗ ಬಗ್ಗಿಸಿ ಒಂದು ಸಲ ಜಗ್ಗಿದಂಗ ಮಾಡಿದ್ಲು, ಅಷ್ಟೇ. ಧೂಳ ಎದ್ದಿತು.

ನಾಕು ದಿನಕ್ಕ ಒಬ್ಬ ಕುರುಬರಾಂವ ಇಮಾನ ತಂದುಕೊಟ್ಟ. ರಕ್ಕಿ ಚಿಂದಿ ಆಗಿದ್ವು, ಹೊಟ್ಟಿ ಬಾಲ ಗಟ್ಟಿ ಇದ್ವು, ಅರಿಷಿಣಾನೂ ಹಂಗೇ ಇತ್ತು. ರಕ್ಕಿಗೆ ಹಳೇ ಪಂಚಾಂಗದ ಹಾಳಿ ಹಚ್ಚಿದೆ. ಒಂದು ರಕ್ಕಿ ಮ್ಯಾಲೆ ಅಮಾಸಿ, ಇನ್ನೊಂದರ ಮ್ಯಾಲೆ ಹುಣ್ಣಿಮಿ. ಉಂಗುರ ಮಾತ್ರ ಹಚ್ಚಲಿಲ್ಲ. ಅವ್ವ "ನಾ ಹಿಡೀತೀನಿ ತಾ" ಅಂದ್ಲು. "ನಿನಗ ಬರಂಗಿಲ್ಲ ಬಿಡವ್ವಾ, ಅದಕ್ಕ ಟ್ರೇನಿಂಗ್ ಬೇಕು" ಅಂದೆ.

ನಾಗರ ಪಂಚಮಿ ಬಂತು. ಲಗ್ನ ಆದ ಮೊದಲನೇ ಪಂಚಮಿಗೆ ತಮ್ಮ ಹೋಗಿ ಅಕ್ಕನ್ನ ತವರಿಗೆ ಕರಕೊಂಡು ಬರಬೇಕಲ್ಲ, ನಾ ಹೊಂಟೆ. ಒಂದು ಕೈಯಾಗ ಅವ್ವ ಕಟ್ಟಿದ ಉಂಡಿ ಗಂಟು, ಇನ್ನೊಂದರಾಗ ಇಮಾನ. ರೋಣದಾಗ ಮೋಟಾರ ಬದಲ ಮಾಡಿದೆ. ಅಲ್ಲಿಂದ ಮುಂದ ಹೋದ್ರ ಬೆಣ್ಣಿಹಳ್ಳ ಬಂದು ನಿಂತಿತ್ತು. ಬ್ಯಾಸಗ್ಯಾಗ ಅದರಾಗ ಕಪ್ಪಿ ಕೂಡ ನಡಕೋತ ಹೋಗತೈತಿ. ಆವತ್ತ ಮಾತ್ರ ಕೆಂಪ ನೀರು, ದಂಡಿ ತುಂಬ, ಬೇರ ಸಮೇತ ಗಿಡ ಹೊತಗೊಂಡು ಹರೀಲಿಕ್ಕೆ ಹತ್ತಿತ್ತು. ಮೋಟಾರ ಈಚಿ ದಂಡಿಗೇ ನಿಂತಿತು.

ಆಚಿ ದಂಡ್ಯಾಗೂ ಒಂದು ಮೋಟಾರ ನಿಂತಿತ್ತು. ಅದರ ಮುಂದ ಹಸರ ಸೀರಿ. ನಮ್ಮ ಮಗ್ಗದ್ದೇ ಸೀರಿ, ನಾ ಎಳಿ ಕೊಟ್ಟಿದ್ದು. ಬಾಜೂಕ ಪಟಗಾ ಸುತ್ತಿದ ಮಾವ, ಆಕಿ ಗಂಡ. ನಾ ಬರೂದಕ್ಕ ತಡಾ ಆತು ಅಂತ ಅವರೇ ಅರ್ಧ ದಾರಿ ಕಳಸಾಕ ಬಂದಿದ್ರು.

"ಅಕ್ಕಾ!" ಅಂತ ಒದರಿದೆ.

ಮಗ್ಗದ ಮನ್ಯಾಗ ಹುಟ್ಟಿದ್ದು ಆವತ್ತ ಉಪಯೋಗ ಆತು. ಆಕಿ ದನಿ ನೀರಿನ ಸಪ್ಪಳ ದಾಟಿ ಬಂತು. "ಅವ್ವ ಉಂಡಿ ಯಾತರವು ಕಟ್ಯಾಳೋ?"

"ಶೇಂಗಾದವು! ಎಳ್ಳಿನವೂ ಅದಾವು!"

"ದಾರ್ಯಾಗ ಎಷ್ಟು ತಿಂದಿ?"

"ಎರಡೇ!"

"ಅಂದ್ರ ಆರು!"

ಎರಡೂ ದಂಡಿ ಮಂದಿ ನಕ್ರು. ನೀರು ಇಳೀಲಿಲ್ಲ. ಮಧ್ಯಾಹ್ನ ಆತು, ಹೊತ್ತು ಇಳೀತು, ಮತ್ತಷ್ಟು ಏರಿತು. ನಮ್ಮ ಡ್ರೈವರ್ "ಇವತ್ತಿಲ್ಲ, ನಾಳೆನೂ ಇಲ್ಲ" ಅಂದ. ಆ ಕಡೆ ಮಾವ ಆಕಿಗೆ ಏನೋ ಹೇಳಿ ಮೋಟಾರದ ಕಡೆ ಕೈ ಮಾಡಿದ್ರು. ಆಕಿ ಕದಲಲಿಲ್ಲ.

ಇಮಾನ ತಗದೆ. ಉಂಗುರ ಹಾಕಾಕ ಹೋದೆ. ಕಂಡಕ್ಟರ್ ಬಾಲ ಹಿಡದ. "ಕೊಟ್ಟೆ ಅನ್ರಿ" ಅಂದೆ. "ಏನು ಕೊಡ್ಲೋ?" ಅಂದ. ಮುಳ್ಳು ಹೊಳ್ಳಿತು. ಆವಾಗ ಹೊಳೀತು ನನಗ. ಉಂಗುರ ಇಲ್ಲದಿದ್ರ ಅದು ತಿರಗಿ ಬರಂಗಿಲ್ಲ, ಸೀದಾ ಹೋಗತೈತಿ. ಸೀದಾ ಎದುರಿಗೆ ಯಾರು ನಿಂತಾರ?

ಇಲ್ಲೀತನ ನಾ ಹೇಳಿದ್ದರಾಗ ನೀವು ಬೇಕಾದಷ್ಟು ಕಳಕೋರಿ, ನನ್ನ ತಕರಾರಿಲ್ಲ. ಇನ್ನ ಮ್ಯಾಲೆ ಹೇಳೋದರಾಗ ಒಂದು ಎಳೀನೂ ಹೆಚ್ಚಿಲ್ಲ. ರಬ್ಬರ ಹರಿಯೂ ಮಟ ಸುತ್ತಿದೆ. ಬಿಟ್ಟೆ. ಅಮಾಸಿ ಹುಣ್ಣಿಮಿ ಎರಡೂ ರಕ್ಕಿ ಬಡಕೋತ ಇಮಾನ ಕೆಂಪ ನೀರಿನ ಮ್ಯಾಲೆ ಹೋತು. ನಡು ಹಳ್ಳದಾಗ ಕೆಳಗ ಇಳೀತು, ಗಾಳಿ ಎತ್ತಿತು, ಮಾವನ ಪಟಗಾಕ್ಕ ಬಡದು ಕೆಳಗ ಬಿತ್ತು. ಮಾವ ಕುಂತುಬಿಟ್ರು. ನೀಲಕ್ಕ ಓಡಿ ಬಂದು ಅದನ್ನ ಎತ್ತಿಕೊಂಡ್ಲು. ಗಂಡನ್ನ ಆಮ್ಯಾಲೆ ಎಬ್ಬಿಸಿದ್ಲು.

ಇಮಾನ ಎದಿಗೆ ಹಿಡಕೊಂಡು ದಂಡೀಗೆ ಬಂದು, ಒದರಿದ್ಲು:

"ತಗೊಂಡೆ!"

ಕೊಟ್ಟೆ ಅನ್ನೋದು ನನಗ ಮರತಿತ್ತು.

ನೀರು ಇಳಿಯೋದರಾಗ ಪಂಚಮಿ ಮುಗದಿತ್ತು. ಆಮ್ಯಾಲೆ ಅಲ್ಲೂ ಮಗ್ಗದ ಕೆಲಸ, ಇಲ್ಲೂ ಮಗ್ಗದ ಕೆಲಸ. ಒಂದು ಕಾರ್ಡ್ ಬರದಿದ್ಲು: "ಇಮಾನ ಪಡಸಾಲ್ಯಾಗ ತೂಗಹಾಕೇನಿ. ಎತ್ತಿದ್ರ ಅವ್ವನ ಪಿನ್ನು ಸಪ್ಪಳ ಮಾಡತೈತಿ. ಉಂಗುರ ಹಂಗೇ ಐತಿ, ಯಾರಿಗೂ ಮುಟ್ಟಗೊಟ್ಟಿಲ್ಲ. ನಿಮ್ಮ ಮಾವ ಅದರ ಕೆಳಗ ಕುಂದರೂದಿಲ್ಲ." ಇಮಾನ ಅಲ್ಲಿ, ಕೊಕ್ಕಿ ಇಲ್ಲಿ. ಅದಕ್ಕೇ ಅದು ನನ್ನ ಕಿಸೆದಾಗ ಐತಿ.

ಮೊನ್ನೆ ಹೊಸಾ ಹಾಸು ಏರಿಸಿದ್ವಿ. ಮುಂದ ಅವ್ವ ಕುಂತಿದ್ಲು, ಹಿಂದ ನಾನು. ಅಭ್ಯಾಸ ನೋಡ್ರಿ, "ಕೊಟ್ಟೆ" ಅಂದೆ. ಎಳಿ ಆ ಕಡಿಂದ ಜಗ್ಗಿಕೊಂಡು ಹೋತು, ಮಾತೇನೂ ಬರಲಿಲ್ಲ. ಅವ್ವ ಬೆರಳ ಮ್ಯಾಲೇ ತಿಳಕೋಳಾಕಿ.

ಈ ವರ್ಷದ ಪಂಚಮಿಗೆ ಇನ್ನ ಎಂಟು ದಿನ ಐತಿ, ಅಕ್ಕನ್ನ ಕರಿಯಾಕ ಮತ್ತ ನಾನೇ ಹೋಗಬೇಕು. ಕೊಕ್ಕಿಗೆ ಎಣ್ಣಿ ಹಚ್ಚಿ ಇಟ್ಟೀನಿ. ನಿನ್ನೆ ಪಡುವಲ ಕಡೆ ಕರೇ ಮೋಡ ಕಟ್ಟಿದ್ದು ನೋಡಿ ಅವ್ವನ ಮುಂದ ಅಂದೆ, "ಈ ಸಲ ಹಳ್ಳ ಬಂದ್ರ ಈಸಿಕೊಂಡೇ ಹೋಗ್ತೀನಿ." ನನಗ ಈಸಾಕ ಬರಂಗಿಲ್ಲ ಅನ್ನೋದು ಅವ್ವಗ ಗೊತ್ತೈತಿ. ಹೋದ ವರ್ಷ ಕೆರ್ಯಾಗ ಮೊಣಕಾಲ ನೀರಿನ್ಯಾಗ ನಿಂತು ನಾ ಒದರಿದ್ದು ಊರಿಗೇ ಗೊತ್ತೈತಿ. ನಗತಾಳ ಅಂತ ಕಾಯ್ದೆ.

ಅವ್ವ ನಗಲಿಲ್ಲ. ಶೇಂಗಾ ಹುರಕೋತ, ಒಲಿ ಕಡೇನೇ ನೋಡಕೋತ ಅಂದ್ಲು:

"ಹಂಗಾದ್ರ ಉಂಡಿ ಗಂಟು ತಲಿ ಮ್ಯಾಲೆ ಗಟ್ಟಿ ಕಟಗೋ. ತೋಯಿಸಬ್ಯಾಡ."